ದೊಡ್ಡಜ್ಜನ ಮೆಡಲ್ಲಿನ ಅಂಚು ನೋಡಿದ್ದೀರಾ?

ಪ್ರಶ್ನೆ: ಗೋಣಿಕೊಪ್ಪಲಿನ ಹತ್ತಿರ ನಮ್ಮ ಕಾಫಿ ತೋಟದ ಬದಿಯಲ್ಲಿ ಒಕ್ಕದ (ನಮ್ಮ ಕೊಡವ ಮನೆತನದ) ಸ್ಮಶಾನವಿದೆ. ಅಲ್ಲಿ ಅಜ್ಜನ ಅಣ್ಣನ ಸಮಾಧಿ ಇದೆ. ಪಾಚಿ ಕಟ್ಟಿದ ಕಲ್ಲಿನಲ್ಲಿ ಅವರ ಹೆಸರು, ‘ಹವಾಲ್ದಾರ್, ಆರ್.ಐ.ಎ.ಎಸ್.ಸಿ., 1968’ ಅಂತ ಇಷ್ಟೇ ಓದಲು ಬರುತ್ತದೆ. ಎರಡನೇ ಮಹಾಯುದ್ಧಕ್ಕೆ ಹೋಗಿದ್ದರಂತೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರು ಸಿಗಲಿಲ್ಲ. ಮುಂದೆ ಎಲ್ಲಿ ಹುಡುಕಲಿ?

ಉತ್ತರ: ಬೇಸರ ಮಾಡ್ಕೋಬೇಡಿ. ಎರಡನೇ ಮಹಾಯುದ್ಧದ ಮಟ್ಟಿಗೆ ಆ ಪಟ್ಟಿಯಲ್ಲಿರುವುದು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರ ಒಳಗೆ ತೀರಿಕೊಂಡವರು. ನಿಮ್ಮ ದೊಡ್ಡಜ್ಜ ಬದುಕಿ ಮನೆಗೆ ಬಂದವರು.

ಮೊದಲು ಐನ್‌ಮನೆಯ (ಒಕ್ಕದ ಮೂಲ ಮನೆಯ) ಪೆಟ್ಟಿಗೆ, ಬೀರು ಎಲ್ಲ ತಡಕಿ ಮೆಡಲ್ ಹುಡುಕಿ. ಸೇನೆಯ ಕಡತದಲ್ಲಿ ಹೆಸರಿಗಿಂತ ಸೈನಿಕನ ಸೇವಾ ನಂಬರ್ ಗಟ್ಟಿ. ಆ ಕಾಲದ ಭಾರತೀಯ ಸೈನಿಕರ ಮೆಡಲ್‌ಗಳ ಅಂಚಿನಲ್ಲಿ, ನಕ್ಷತ್ರದ ಆಕಾರದ ಸ್ಟಾರ್ ಆದರೆ ಹಿಂಬದಿಯಲ್ಲಿ, ನಂಬರ್, ಹೆಸರು, ದಳ ಕೊರೆದಿರುವುದುಂಟು. ದಯವಿಟ್ಟು ಹುಣಸೆಹಣ್ಣು, ಬ್ರಾಸೋ ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ, ಅಕ್ಷರ ಸವೆಯುತ್ತದೆ. ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್ ಇವುಗಳಲ್ಲಿ ಯಾವುದು ಸಿಕ್ಕಿದರೂ ಅವರು ಯಾವ ಕಡೆ ಇದ್ದರು ಅಂತ ಅರ್ಧ ಕಥೆ ಸಿಕ್ಕಂತೆ. ಮೆಡಲ್ ಇಲ್ಲದಿದ್ದರೆ ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಕಾಗದ ನೋಡಿ.

ಆರ್.ಐ.ಎ.ಎಸ್.ಸಿ. ಎಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವೀಸ್ ಕೋರ್. ಸೇನೆಗೆ ರೇಷನ್, ಪೆಟ್ರೋಲ್, ಸಾಗಾಣಿಕೆ ನೋಡಿಕೊಂಡ ದಳ ಅದು. ಸ್ವಾತಂತ್ರ್ಯದ ನಂತರ ಆರ್ಮಿ ಸರ್ವೀಸ್ ಕೋರ್ ಆಯಿತು. ಇದರ ದಕ್ಷಿಣ ವಿಭಾಗದ ದಾಖಲೆ ಕಚೇರಿ ಬೆಂಗಳೂರಿನಲ್ಲಿದೆ. ನಂಬರ್ ಸಿಕ್ಕಿದ ಮೇಲೆ, ನಿಮಗೆ ಅವರು ಏನಾಗಬೇಕು ಎಂದು ತಿಳಿಸಿ ಅಲ್ಲಿಗೆ ಪತ್ರ ಬರೆಯಿರಿ. ಪತ್ರ ಹೇಗೆ ಬರೆಯುವುದು ಅಂತ ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ ನೋಡಿ.

ಹೆಸರಿನದೂ ಒಂದು ತೊಡಕಿದೆ. ನಮ್ಮ ಕೊಡವರಲ್ಲಿ ಒಕ್ಕದ ಹೆಸರು ಮೊದಲು ಬರುತ್ತದೆ ಅಲ್ವಾ? ಸೇನೆಯಲ್ಲಿ ಅದು ಬರೀ ಇನಿಷಿಯಲ್ ಆಗಿಬಿಡುತ್ತದೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ, ಜನರಲ್ ಕೆ.ಎಸ್. ತಿಮ್ಮಯ್ಯ ಇಬ್ಬರ ‘ಕೆ’ಯೂ ಕೊಡಂದೇರ. ಇಂಗ್ಲಿಷ್‌ನಲ್ಲಿ ಕಾರ್ಯಪ್ಪ ಎಂಬ ಹೆಸರನ್ನು ‘ಸಿ’ಯಿಂದಲೂ ಬರೆಯುತ್ತಾರೆ, ‘ಕೆ’ಯಿಂದಲೂ ಬರೆಯುತ್ತಾರೆ. ಜೊತೆಗೆ ಒಂದೇ ಒಕ್ಕದಲ್ಲಿ ಒಂದೇ ಹೆಸರಿನವರು ಇಬ್ಬರು ಮೂವರು ಇರುತ್ತಾರೆ. ಬರೀ ಹೆಸರು ಹಿಡಿದು ಹೋದರೆ ಬೇರೆಯವರ ಬದುಕು ನಿಮ್ಮ ದೊಡ್ಡಜ್ಜನದಾಗಿಬಿಡಬಹುದು. ನಾನು ನಂಬರಿಗೆ ಇಷ್ಟು ಒತ್ತು ಕೊಡುವುದು ಅದಕ್ಕೇ.

ಕಲ್ಲಿಗೆ ತಂತಿ ಬ್ರಷ್, ಆಸಿಡ್ ಎರಡೂ ಬೇಡ. ನೀರು, ಮೆತ್ತನೆಯ ಬ್ರಷ್ ಸಾಕು. ಸಂಜೆ ಕತ್ತಲಾಗುವ ಹೊತ್ತಿಗೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಹಗಲಿನಲ್ಲಿ ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಕಾಣುತ್ತದೆ. ನಂಬರ್ ಅಲ್ಲೇ ಇದ್ದರೂ ಇರಬಹುದು.

ಇನ್ನೊಂದು ಕೆಲಸ ಈ ವಾರವೇ ಮಾಡಿ. 1968ರಲ್ಲಿ ಅವರ ಸಾವಿನ ಸುದ್ದಿ ತಿಳಿಸಲು ನಮ್ಮ ಪದ್ಧತಿಯಂತೆ ಹಾರಿಸಿದ ಎರಡು ಗುಂಡಿನ ಸದ್ದು ಕೇಳಿದ ಹಿರಿಯರು ಊರಿನಲ್ಲಿ ಇನ್ನೂ ಇರಬಹುದು. ಹೋಗಿ ಅವರ ಹತ್ತಿರ ಕೂತು ಮಾತಾಡಿ. ಯುದ್ಧದ ಬಗ್ಗೆ ಅವರಿಗೆ ಗೊತ್ತಿಲ್ಲದಿರಬಹುದು. ರಜೆಗೆ ಬಂದಾಗ ದೊಡ್ಡಜ್ಜ ಏನು ತರುತ್ತಿದ್ದರು, ಪತ್ರ ಎಲ್ಲಿಂದ ಬರುತ್ತಿತ್ತು ಅಂತ ಕೇಳಿ.