ತ್ಯಾಗ ಆಮೇಲೆ, ಮೊದಲು ಎಣ್ಣೆ ಹೆಂಗೆ ದಾಟ್ತು ಹೇಳಿ

ನಮಸ್ಕಾರ. ಯುದ್ಧಕಾಲದ ಸರಬರಾಜು ಹಡಗುಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೇದು, ಭಾಷೆ ಸಲೀಸಾಗಿದೆ, ಮಾಲ್ಟಾಕ್ಕೆ ಹೊರಟ ಒಹಾಯೋ ಟ್ಯಾಂಕರನ್ನ ಎರಡು ಡಿಸ್ಟ್ರಾಯರ್ ಯುದ್ಧನೌಕೆಗಳ ಮಧ್ಯೆ ಬಿಗಿದು ಬಂದರಿಗೆ ತಂದಿದ್ದು ಚೆನ್ನಾಗಿ ಬಂದಿದೆ. ಇನ್ನು ನನಗೆ ಸಿಟ್ಟು ಬರಿಸಿದ ಎರಡು ಜಾಗಕ್ಕೆ ಬರ್ತೀನಿ, ಈ ಹಡಗುಗಳ ಬಗ್ಗೆ ಯಾರಾದ್ರೂ ತೇಲಿಸಿ ಬರೆದ್ರೆ ನನಗೆ ತಡೆಯಲ್ಲ.

ಮೂರನೇ ಪ್ಯಾರಾ ತೆಗೀರಿ. "ನಡುಸಮುದ್ರದಲ್ಲಿ ಹಡಗುಗಳು ನಿಂತು ಇಂಧನ ತುಂಬಿಸಿಕೊಂಡು ಮತ್ತೆ ರಣರಂಗಕ್ಕೆ ಧಾವಿಸುತ್ತಿದ್ದವು." ನಿಂತು? ಸಬ್‌ಮರೀನ್ ಓಡಾಡೋ ನೀರಲ್ಲಿ ಹಡಗು ನಿಂತ್ರೆ ಟಾರ್ಪಿಡೋಗೆ ತಾನೇ ಕತ್ತು ಕೊಟ್ಟ ಹಾಗೆ. ನಿಲ್ಲದೇ ಕೊಡೋದು ಹೆಂಗೆ ಅಂತ ಕಂಡುಕೊಂಡಿದ್ದೇ ಇಲ್ಲಿರೋ ದೊಡ್ಡ ವಿಷಯ. 1917ರಲ್ಲಿ ಅಮೆರಿಕದ ಮೌಮಿ ಹಡಗು ಅಟ್ಲಾಂಟಿಕ್ ದಾಟ್ತಿದ್ದ ಡಿಸ್ಟ್ರಾಯರ್‌ಗಳಿಗೆ ಸಾಗ್ತಾ ಸಾಗ್ತಾನೇ ಎಣ್ಣೆ ಕೊಡ್ತು, ಆ ವ್ಯವಸ್ಥೆ ಮಾಡಿದವರಲ್ಲಿ ಒಬ್ಬರು ಚೆಸ್ಟರ್ ನಿಮಿಟ್ಜ್, ಮುಂದೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪೆಸಿಫಿಕ್ ಫ್ಲೀಟ್ ನಡೆಸಿದವರು.

"ತುಂಬಿಸಿಕೊಂಡು" ಅಂತ ಒಂದೇ ಪದದಲ್ಲಿ ಮುಗಿಸಿದ್ದೀರಲ್ಲ, ಅದರೊಳಗೆ ಏನಿದೆ ನೋಡಿ. ಸರಬರಾಜು ಹಡಗು ದಿಕ್ಕೂ ಬದಲಿಸದೆ ವೇಗಾನೂ ಬದಲಿಸದೆ ಸಾಗುತ್ತೆ, ಎಣ್ಣೆ ಬೇಕಾದ ಹಡಗು ಪಕ್ಕಕ್ಕೆ ಬಂದು ಸುಮಾರು ನಲವತ್ತು ಐವತ್ತು ಮೀಟರ್ ದೂರದಲ್ಲಿ ಅದೇ ವೇಗ ಹಿಡಿಯುತ್ತೆ, ಆಮೇಲೆ ಒಂದು ಕಡೆಯಿಂದ ಬಂದೂಕಲ್ಲಿ ತೆಳ್ಳನೆ ದಾರ ಹಾರಿಸ್ತಾರೆ, ಆ ದಾರಕ್ಕೆ ಕಟ್ಟಿದ ಹಗ್ಗ ಎಳ್ಕೋತಾರೆ, ಹಗ್ಗದ ಹಿಂದೆ ಉಕ್ಕಿನ ಕೇಬಲ್ಲು, ಕೇಬಲ್ಲಿಗೆ ಜೋತು ಬಿದ್ದು ದಪ್ಪ ಪೈಪು. ಎರಡು ಹಡಗಿನ ಮಧ್ಯೆ ನೀರು ಜೋರಾಗಿ ನುಗ್ಗೋದ್ರಿಂದ ಅಲ್ಲಿ ಒತ್ತಡ ಇಳಿದು ಎರಡೂ ಒಂದನ್ನೊಂದು ಎಳ್ಕೊಳ್ಳೋಕೆ ನೋಡ್ತವೆ, ಸ್ಟಿಯರಿಂಗ್ ಹಿಡಿದವನು ಒಂದು ಕ್ಷಣ ಮೈಮರೆತ್ರೆ ಡಿಕ್ಕಿ. ಪೈಪ್ ಸಿಕ್ಕಿಸಿಕೊಂಡು ಇರೋಷ್ಟು ಹೊತ್ತು ಎರಡಕ್ಕೂ ಬೇಕಾದ ಹಾಗೆ ತಿರುಗೋ ಸ್ವಾತಂತ್ರ್ಯ ಇಲ್ಲ, ಆ ಹೊತ್ತಲ್ಲಿ ಮೇಲೆ ವಿಮಾನ ಬಂದ್ರೆ? ಇಷ್ಟೆಲ್ಲ ಬಿಟ್ಟು ನೀವು "ಧಾವಿಸುತ್ತಿದ್ದವು" ಅಂತ ಓಡಿಹೋದ್ರಿ.

ಎರಡನೇದು ನಿಯೋಶೋ, ಅಮೆರಿಕದ ಎಣ್ಣೆ ಟ್ಯಾಂಕರು. "ನಿರಾಯುಧ, ಅಮಾಯಕ ಹಡಗು ನಿಯೋಶೋ ದೇಶಕ್ಕಾಗಿ ಪ್ರಾಣತೆತ್ತು ಅಮರವಾಯಿತು." ನಿರಾಯುಧ ಅನ್ನೋದು ತಪ್ಪು, ಅದರ ಮೇಲೆ ಫಿರಂಗಿ ಇತ್ತು, ವಿಮಾನಗಳ ಮೇಲೆ ಹೊಡೆದೂ ಹೊಡೀತು. ಅಮಾಯಕ ಅಂತೂ ಅಲ್ವೇ ಅಲ್ಲ, ಹಿಂದಿನ ದಿನವಷ್ಟೇ ಯಾರ್ಕ್‌ಟೌನ್ ವಿಮಾನವಾಹಕಕ್ಕೆ ಎಣ್ಣೆ ತುಂಬಿತ್ತು. ಇನ್ನು "ಅಮರವಾಯಿತು" ಅಂದ ಕೂಡ್ಲೇ ನಿಮಗೆ ಮುಂದೆ ಹೇಳೋಕೆ ಏನೂ ಉಳೀಲಿಲ್ಲ. 1942 ಮೇ 7, ಆಸ್ಟ್ರೇಲಿಯಾ ಪಕ್ಕದ ಕೋರಲ್ ಸೀ. ಜಪಾನಿನ ಹುಡುಕಾಟದ ವಿಮಾನ ಈ ಟ್ಯಾಂಕರನ್ನೇ ವಿಮಾನವಾಹಕ ಅಂತ ವರದಿ ಮಾಡ್ತು, ಶೋಕಾಕು, ಜುಯಿಕಾಕು ಅನ್ನೋ ಎರಡು ಜಪಾನಿ ವಿಮಾನವಾಹಕಗಳೂ ತಮ್ಮ ದಾಳಿ ವಿಮಾನಗಳನ್ನ ಇದರ ಮೇಲೆ ಕಳಿಸಿದ್ವು, ಜೊತೆಗಿದ್ದ ಸಿಮ್ಸ್ ಡಿಸ್ಟ್ರಾಯರ್ ಮುಳುಗಿತು, ಆ ಕಡೆ ಅಮೆರಿಕದ ವಿಮಾನಗಳು ಅದೇ ದಿನ ಜಪಾನಿನ ಶೋಹೋ ವಿಮಾನವಾಹಕನ ಮುಳುಗಿಸಿದ್ವು. ನಿಯೋಶೋ ಮಾತ್ರ ಮುಳುಗಲಿಲ್ಲ, ಒಡೆದ ಮೈ ಹೊತ್ಕೊಂಡು ತೇಲ್ತಾನೇ ಇತ್ತು. ತಾನಿರೋ ಜಾಗದ ಲೆಕ್ಕ ತಪ್ಪಾಗಿ ಕೊಟ್ಟಿದ್ರಿಂದ ಹುಡುಕೋರು ಬೇರೆಲ್ಲೋ ಹುಡುಕ್ತಿದ್ರು. ಮೇ 11ಕ್ಕೆ ಅಮೆರಿಕದ ಹೆನ್ಲಿ ಡಿಸ್ಟ್ರಾಯರ್ ಬಂದು 123 ಜನರನ್ನ ಹತ್ತಿಸಿಕೊಂಡು ಹಡಗನ್ನ ಮುಳುಗಿಸ್ತು. ಆ ನಾಲ್ಕು ದಿನ ನಿಮ್ಮ ಲೇಖನದಲ್ಲಿ ಎಲ್ಲಿ?

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ರು, ಮಾತು ಬಹಳ ಕಡಿಮೆ, ಯಾರ ಕಾಪಿ ಬಂದ್ರೂ ಅಂಚಲ್ಲಿ ಕೆಂಪು ಪೆನ್ನಿಂದ "ಆಮೇಲೆ?" ಅಂತ ಬರೆಯೋರು. ಬ್ರಿಟನ್, ಅರ್ಜೆಂಟೀನಾ ನಡುವಿನ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಅಟ್ಲಾಂಟಿಕ್ ಕನ್ವೇಯರ್ ಅನ್ನೋ ಸರಬರಾಜು ಹಡಗು ಮುಳುಗಿದ ಬಗ್ಗೆ ಒಬ್ಬರ ಲೇಖನ ಬಂದಿತ್ತು, "ಬ್ರಿಟಿಷರಿಗೆ ಭಾರೀ ನಷ್ಟ" ಅಂತ ಇತ್ತು, ಅದರ ಪಕ್ಕಾನೂ ಅದೇ "ಆಮೇಲೆ?". ಹುಡುಕಿ ತರೋ ಕೆಲಸ ನನ್ನ ಪಾಲಿಗೆ ಬಂತು. 1982 ಮೇ 25ಕ್ಕೆ ಕ್ಷಿಪಣಿ ಬಡಿದಾಗ ಆ ಹಡಗಿನ ಜೊತೆ ಮೂರು ಚಿನೂಕ್ ಹೆಲಿಕಾಪ್ಟರ್ ಹೋದ್ವು, ಹಾರಾಟದಲ್ಲಿದ್ದ ಒಂದೇ ಒಂದು ಚಿನೂಕ್ ಉಳೀತು, ಹಾಗಾಗಿ ಹಾರಿ ಹೋಗಬೇಕಿದ್ದ ಸೈನಿಕರಲ್ಲಿ ಬಹಳ ಜನ ಬೆನ್ನ ಮೇಲೆ ಹೊರೆ ಹೊತ್ಕೊಂಡು ಕೆಸರಲ್ಲಿ ದ್ವೀಪದ ಆ ತುದಿ ತನಕ ನಡೆದ್ರು. ಆ ಮಾಹಿತಿ ಕೊಟ್ಟಾಗ ಅವರು "ಭಾರೀ ನಷ್ಟ" ಹೊಡೆದು ಹಾಕಿ ನಡೆದಿದ್ದನ್ನ ಸೇರಿಸಿದ್ರು. ಅವತ್ತಿನಿಂದ ನಾನು ಸರಬರಾಜು ಹಡಗಿನ ಕತೆಯನ್ನ ಅದು ತಲುಪಿಸದೇ ಹೋದ ಸಾಮಾನಿನ ಕಡೆಯಿಂದಾನೇ ಓದೋದು.

ಈ ಎರಡು ಪ್ಯಾರಾ ಮತ್ತೆ ಬರೀರಿ. ಮೂರನೇದನ್ನ ಆ ಕೇಬಲ್ ಎಳೆಯೋ ನಾವಿಕನ ಪಕ್ಕ ನಿಂತು ಬರೀರಿ, ನಿಯೋಶೋಗೆ ಒಂದು ಪುಟ ಪೂರ್ತಿ ಕೊಡಿ, ವಿಶೇಷಣ ಒಂದೂ ಬೇಡ. ಉಳಿದಿದ್ದು ಹಾಗೇ ಇರಲಿ. ಕಳಿಸಿದ್ರೆ ಬೇರೆಯವರಿಗೆ ಕೊಡದೆ ನಾನೇ ಓದ್ತೀನಿ.