ಮಕ್ಕಳಿಗೆ ಜೀವವೈವಿಧ್ಯ ಅರ್ಥ ಮಾಡಿಸಬೇಕೆ? ಒಂದು ಹಗ್ಗ ತೆಗೆದುಕೊಂಡು ಕಾನಿಗೆ ಹೋಗಿ

ಮನೆ ಶಿವಮೊಗ್ಗ ಪೇಟೆಯಲ್ಲಿ, ಮಕ್ಕಳು ಮೂರನೇ ಮತ್ತು ಆರನೇ ತರಗತಿಯಲ್ಲಿ. ಜೀವವೈವಿಧ್ಯ ಅಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ವ್ಯಾಖ್ಯೆ ಅಂದುಕೊಂಡಿದ್ದಾರೆ, ಸಫಾರಿಗೆ ಕರೆದುಕೊಂಡು ಹೋದರೆ ಹುಲಿ ಬಿಟ್ಟು ಬೇರೇನೂ ನೋಡುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ಹುಲಿಯನ್ನು ಸದ್ಯಕ್ಕೆ ಬಿಡಿ. ಎರಡು ಮಾರು ಹಗ್ಗ ತೆಗೆದುಕೊಂಡು ಹೊರಡಿ.

ನಮ್ಮ ಜಿಲ್ಲೆಯಲ್ಲಿ ಅಕೇಶಿಯಾ ತೋಪು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೊದಲು ಅಲ್ಲಿ ಹಗ್ಗವನ್ನು ನೆಲದ ಮೇಲೆ ದುಂಡಗೆ ಹಾಸಿ, ಅದರೊಳಗೆ ಬಿದ್ದಿರುವುದರಲ್ಲಿ ಒಂದೊಂದು ಬಗೆಗೆ ಒಂದೊಂದನ್ನು ಮಾತ್ರ ಆರಿಸಲು ಮಕ್ಕಳಿಗೆ ಹೇಳಿ. ಕುಡುಗೋಲಿನಂತೆ ಬಾಗಿದ ಒಣ ಎಲೆ, ಅದನ್ನು ಸರಿಸಿದರೆ ಕೆಳಗೂ ಅದೇ ಎಲೆ, ಜೊತೆಗೆ ಸುರುಳಿ ಸುತ್ತಿದ ಒಂದಷ್ಟು ಕಾಯಿ. ಬೇಗ ಮುಗಿದುಹೋಗುತ್ತದೆ. ಅದೇ ಹಗ್ಗವನ್ನು ಕಾನಿನೊಳಗೆ, ಅಂದರೆ ಊರವರು ಉಳಿಸಿಕೊಂಡು ಬಂದ ಹಳೇ ದಟ್ಟ ಕಾಡಿನೊಳಗೆ, ಹಾಸಿ ನೋಡಿ. ಅಗಲದ್ದು, ಉದ್ದದ್ದು, ಅಂಚು ಹರಕಲಾದದ್ದು ಅಂತ ಎಲೆಗಳೇ ಒಂದು ರಾಶಿ. ಅರ್ಧ ಕಡಿದು ಬಿಟ್ಟ ಹಣ್ಣು, ಕೊಳೆತ ಕೊಂಬೆಗೆ ಅಂಟಿದ ಅಣಬೆ, ಬಸವನಹುಳದ ಚಿಪ್ಪು, ಮುಟ್ಟಿದ ಕೂಡಲೇ ಸುತ್ತಿಕೊಳ್ಳುವ ಚೋರಟೆ. ಅದೃಷ್ಟವಿದ್ದರೆ ಒಡೆದ ರಾಮಪತ್ರೆ ಕಾಯಿ, ಒಳಗೆ ಬೀಜಕ್ಕೆ ಸುತ್ತಿಕೊಂಡ ಕೆಂಪು ಪತ್ರೆ. ರಸ್ತೆಯಿಂದ ನೋಡುವಾಗ ಎರಡೂ ಒಂದೇ ಹಸಿರು, ಎರಡನ್ನೂ ಕಾಡು ಅಂತಲೇ ಕರೆಯುತ್ತೇವೆ. ವ್ಯತ್ಯಾಸವನ್ನು ನೀವು ಹೇಳಬೇಡಿ, ಮಕ್ಕಳೇ ಹೇಳುತ್ತಾರೆ.

ಆಮೇಲೆ, ಆ ಕೆಂಪು ಪತ್ರೆಯನ್ನು ತಿನ್ನುವವರು ಯಾರು ಎಂದು ಕೇಳಿ. ಮಂಗಟ್ಟೆ ಹಕ್ಕಿ ಬೀಜವನ್ನು ಇಡಿಯಾಗಿ ನುಂಗಿ, ಪತ್ರೆಯಷ್ಟನ್ನು ಅರಗಿಸಿಕೊಂಡು, ಬೀಜವನ್ನು ದೂರ ಎಲ್ಲೋ ಉಗುಳುತ್ತದೆ. ರಾಮಪತ್ರೆಯ ಸಸಿ ನೆಡುವವರು ಅವರೇ! ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಹಿಕ್ಕೆ ಮೆತ್ತಿ ಬಾಯಿ ಮುಚ್ಚಿಕೊಂಡು, ಕೊಕ್ಕು ಹೊರಬರುವಷ್ಟು ಸಂದಿ ಮಾತ್ರ ಬಿಟ್ಟುಕೊಳ್ಳುತ್ತದೆ. ಗಂಡು ಹಣ್ಣು ತಂದು ಆ ಸಂದಿಯಲ್ಲೇ ಉಣಿಸಬೇಕು. ಈ ಹಕ್ಕಿಗೆ ಮರಕುಟಿಕದ ಹಾಗೆ ತಾನೇ ಪೊಟರೆ ಕೊರೆಯಲು ಬರುವುದಿಲ್ಲ. ಪೊಟರೆಯಾಗುವಷ್ಟು ವಯಸ್ಸಾದ, ಆಳು ತಬ್ಬಲಾಗದಂಥ ಮರ ಬೇಕು.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಜೂನ್ 5ಕ್ಕೆ ಸಸಿ ನೆಡಿಸುವುದು ಒಳ್ಳೆಯದೇ. ಆದರೆ ಸಂರಕ್ಷಣೆ ಅಂದರೆ ಸಸಿ ನೆಡುವುದು ಅಷ್ಟೇ ಎಂದು ಮಗು ಕಲಿತರೆ, ಒಂದು ಹಳೇ ಮರ ಕಡಿದು ಹತ್ತು ಸಸಿ ನೆಟ್ಟರೆ ಲೆಕ್ಕ ಚುಕ್ತಾ ಎಂದೂ ಕಲಿಯುತ್ತದೆ. ಆ ಹತ್ತು ಸಸಿಗಳಲ್ಲಿ ಮಂಗಟ್ಟೆಗೆ ಮನೆಯಿಲ್ಲ. ಇರುವುದನ್ನು ಉಳಿಸಿಕೊಳ್ಳುವುದು ಮೊದಲ ಪಾಠವಾಗಬೇಕು. ಸೊರಬ, ಸಾಗರದ ಹಿರಿಯರು ಅದನ್ನೇ ಮಾಡಿದ್ದು. ಕಾಳುಮೆಣಸಿಗೆ, ನೀರಿಗೆ, ಚೌಡಿಯ ಮೇಲಿನ ಭಯಭಕ್ತಿಗೆ ಕಾನುಗಳನ್ನು ಉಳಿಸಿಕೊಂಡು ಬಂದರು. ನಿಮ್ಮ ಬಂಧುಗಳಲ್ಲಿ ಹಳ್ಳಿಯ ಅಜ್ಜಿ ಯಾರಾದರೂ ಇದ್ದರೆ ಮಕ್ಕಳನ್ನು ಅವರ ಹತ್ತಿರ ಕೂರಿಸಿ, ಬನದೊಳಗೆ ಏನು ಮಾಡಬಾರದಿತ್ತು ಎಂದು ಕೇಳಿಸಿ.

ಪಕ್ಕದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಕುಂಬಾರ ಕಪ್ಪೆಯ ಕಥೆಯನ್ನೂ ಹೇಳಿ. ಗಂಡು ಕಪ್ಪೆ ಮುಂಗಾಲಿನಲ್ಲಿ ಕೆಸರು ತೆಗೆದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ಹೆಸರಿಟ್ಟು ದಾಖಲಿಸಿದ್ದು 2014ರಲ್ಲಿ! ಇನ್ನೂ ಹೆಸರಿಲ್ಲದ ಜೀವಿಗಳು ನಮ್ಮ ಹಳ್ಳಗಳಲ್ಲಿರಬಹುದು ಎಂದು ತಿಳಿದ ಮಗುವಿನ ಕಣ್ಣು ನೀವೇ ನೋಡಬೇಕು.

ಹೊರಗೆ ಹೋಗಲಾಗದ ದಿನ ಉಪ್ಪಿನಕಾಯಿ ಜಾಡಿ ಸಾಕು. ಎರಡು ಬೇರೆ ಬೇರೆ ಮರದ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿ, ಇದ್ದರೆ ತಟ್ಟೆಗೆ ಹಾಕಿ. ಒಂದರ ಸೊನೆಯಲ್ಲಿ ಜೀರಿಗೆ ಪರಿಮಳ, ಇನ್ನೊಂದರಲ್ಲಿ ಬೇರೆಯದೇ ಘಮ. ಗೊರಟು ಊರಿದರೆ ತಾಯಿಮರದ ಗುಣವೇ ಬರುತ್ತದೆಂಬ ಭರವಸೆಯಿಲ್ಲ, ಅದಕ್ಕೇ ಕಸಿ ಕಟ್ಟುತ್ತಾರೆ. ಹೊಳೆದಂಡೆಯ ಒಂದು ಅಪ್ಪೆಮರ ಹೋಯಿತೆಂದರೆ ಆ ರುಚಿಯೂ ಹೋದ ಹಾಗೆ. ಒಂದೇ ಜಾತಿಯೊಳಗಿನ ವೈವಿಧ್ಯಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಮಳೆಗಾಲದಲ್ಲಿ ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಗೆ ಹೋಗಿ, ಪೇಟೆಯಿಂದ ಸುಮಾರು 30 ಕಿಲೋಮೀಟರ್. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ಮೂವರೂ ಮೀನು ಹಿಡಿಯುವವರೇ. ಬೆಳ್ಳಕ್ಕಿ ತೆಳುನೀರಿನಲ್ಲಿ ನಿಂತು ಕಾಯುತ್ತದೆ, ನೀರುಕಾಗೆ ಮುಳುಗಿ ಅಟ್ಟಿಸಿಕೊಂಡು ಹೋಗಿ ಕೊಕ್ಕಿನಲ್ಲಿ ಕಚ್ಚುತ್ತದೆ, ಹಾವಕ್ಕಿ ಚೂಪು ಕೊಕ್ಕಿನಿಂದ ತಿವಿಯುತ್ತದೆ. ಒಂದೇ ಹೊಳೆಯಲ್ಲಿ ಇಷ್ಟು ಜನ ಹೇಗೆ ಬದುಕುತ್ತಾರೆ ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ.

ಒಂದು ಎಚ್ಚರಿಕೆ. ಮಳೆಗಾಲದ ಉಂಬಳಕ್ಕೆ ಹೆದರಬೇಡಿ, ಉಪ್ಪು ಮುಟ್ಟಿಸಿದರೆ ಬಿಡುತ್ತದೆ. ಹೆದರಬೇಕಾದ್ದು ಒಣ ತಿಂಗಳುಗಳ ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅದರಿಂದ. ಡಿಸೆಂಬರಿನಿಂದ ಮೇ ತನಕ ಕಾಡಿಗೆ ಹೋಗುವ ಮುನ್ನ ಆ ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಮಂಗ ಸತ್ತ ಸುದ್ದಿ ಇದ್ದರೆ ಅತ್ತ ಸುಳಿಯಬೇಡಿ. ಮಂಗಗಳೂ ಅದೇ ಕಾಯಿಲೆಯಿಂದ ಸಾಯುತ್ತವೆ, ತಪ್ಪು ಅವುಗಳದ್ದಲ್ಲ ಎಂದು ಮಕ್ಕಳಿಗೆ ತಿಳಿಸಿ.

ಆರನೇ ತರಗತಿಯವರಿಗೆ ಇನ್ನೊಂದು ಕೆಲಸ ಕೊಡಬಹುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಳಿಗಳ ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಕಾನು ನೋಡಿದ ಊರಿನ ಪಂಚಾಯಿತಿಗೆ ಮಕ್ಕಳ ಜೊತೆ ಹೋಗಿ ಅದನ್ನು ತೋರಿಸಿ ಎಂದು ಕೇಳಿ. ತಾವು ಕಂಡ ಮರ, ತಿಂದ ಅಪ್ಪೆ ಅದರಲ್ಲಿ ಇಲ್ಲದಿದ್ದರೆ ಸೇರಿಸಿ ಎಂದು ಮಕ್ಕಳ ಕೈಯಲ್ಲೇ ಒಂದು ಅರ್ಜಿ ಬರೆಸಿ.