ಗ್ಲೆನ್ ಮಿಲ್ಲರ್ ಲೇಖನದ ಮೂರನೇ ಪುಟ

ಪ್ರಿಯ ಲೇಖಕರೆ,

ಅಮೆರಿಕದ ಜಾಸ್ ಬ್ಯಾಂಡ್ ನಾಯಕ ಗ್ಲೆನ್ ಮಿಲ್ಲರ್ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. 1944ರ ಡಿಸೆಂಬರ್ 15ರಂದು ಅವರಿದ್ದ ವಿಮಾನ ಇಂಗ್ಲಿಷ್ ಕಾಲುವೆಯ ಮೇಲೆ ಕಣ್ಮರೆಯಾದದ್ದನ್ನು ಉಪ್ಪುಖಾರ ಹಚ್ಚದೆ ಹೇಳಿದ್ದೀರಿ. ಆದರೆ ಮೂರನೇ ಪುಟಕ್ಕೆ ಬಂದಾಗ ನನಗೆ ಸಿಟ್ಟೇ ಬಂತು.

‘ತಾನೇ ರಚಿಸಿದ ಇನ್ ದ ಮೂಡ್‌ನಲ್ಲಿ ಮಿಲ್ಲರ್ ಕ್ಲಾರಿನೆಟ್ಟಿನ ಮಾಂತ್ರಿಕ ನಾದದಿಂದ ಜಗತ್ತನ್ನೇ ಕುಣಿಸಿದ’ ಎಂದು ಬರೆದಿದ್ದೀರಿ. ಒಂದೇ ವಾಕ್ಯದಲ್ಲಿ ಎರಡು ತಪ್ಪು.

ಆ ಟ್ಯೂನ್ ಸ್ಯಾಕ್ಸೊಫೋನ್ ವಾದಕ ಜೋ ಗಾರ್ಲೆಂಡ್ ಹೆಸರಿನದು. ಮತ್ತೆಮತ್ತೆ ಬರುವ ಆ ಸ್ವರದ ತುಣುಕಂತೂ 1930ರಲ್ಲೇ ಟ್ರಂಪೆಟ್ ವಾದಕ ವಿಂಗಿ ಮನೋನ್ ರೆಕಾರ್ಡಿನಲ್ಲಿ ಕೇಳುತ್ತದೆ. ಮಿಲ್ಲರ್ ಮಾಡಿದ್ದು ಬೇರೆ ಕೆಲಸ. ಉದ್ದವಾಗಿದ್ದ ಅದನ್ನು ನಿಮಿಷಕ್ಕೆ 78 ಸುತ್ತು ತಿರುಗುವ ಅಂದಿನ ಗ್ರಾಮಫೋನ್ ರೆಕಾರ್ಡಿನ ಒಂದು ಮಗ್ಗುಲಿಗೆ, ಸುಮಾರು ಮೂರೂವರೆ ನಿಮಿಷಕ್ಕೆ, ಹಿಡಿಸಿದರು. ಕೊನೆಯಲ್ಲಿ ಅದೇ ತುಣುಕನ್ನು ಮೆಲ್ಲಗೆ, ಇನ್ನೂ ಮೆಲ್ಲಗೆ ನುಡಿಸಿ, ಮುಗಿಯಿತು ಅನ್ನುವಷ್ಟರಲ್ಲಿ ಇಡೀ ಬ್ಯಾಂಡನ್ನು ಜೋರಾಗಿ ಎಬ್ಬಿಸಿದರು. ಇದನ್ನು ಬಿಟ್ಟು ಗಾರ್ಲೆಂಡ್ ಹೆಸರನ್ನೂ ಅಳಿಸಿದರೆ ಇಬ್ಬರಿಗೂ ಅನ್ಯಾಯ.

ಇನ್ನು ಕ್ಲಾರಿನೆಟ್. ‘ಇನ್ ದ ಮೂಡ್’ ನಡೆಯುವುದು ಸ್ಯಾಕ್ಸೊಫೋನುಗಳ ಬಲದಲ್ಲಿ. ನೀವು ಮೆಚ್ಚಿದ ನಾದ ಇರುವುದು ‘ಮೂನ್‌ಲೈಟ್ ಸೆರನೇಡ್’ನಲ್ಲಿ, ಆ ಟ್ಯೂನ್ ಮಾತ್ರ ನಿಜಕ್ಕೂ ಮಿಲ್ಲರ್ ಅವರದೇ. ಅಲ್ಲಿ ಅವರ ಬ್ಯಾಂಡಿನ ವಿಲ್ಬರ್ ಶ್ವಾರ್ಟ್ಜ್ ಕ್ಲಾರಿನೆಟ್ಟಿನಲ್ಲಿ ಟ್ಯೂನ್ ಹಿಡಿಯುತ್ತಾರೆ. ಅದೇ ಸ್ವರಗಳನ್ನು ಒಂದು ಸ್ಥಾಯಿ ಕೆಳಗೆ ಟೆನರ್ ಸ್ಯಾಕ್ಸ್, ಅಂದರೆ ತಗ್ಗು ದನಿಯ ಸ್ಯಾಕ್ಸೊಫೋನ್, ನುಡಿಸುತ್ತದೆ. ಉಳಿದ ಮೂರು ಸ್ಯಾಕ್ಸುಗಳು ಇವೆರಡರ ನಡುವಿನ ಜಾಗದಲ್ಲೇ ಹಾರ್ಮನಿ ತುಂಬುತ್ತವೆ. ಮೇಲಿನ ತೆಳುದನಿಗೆ ಟೆನರ್ ಮೈ ಕೊಡುತ್ತದೆ. ಇಬ್ಬರಲ್ಲಿ ಒಬ್ಬರ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಒಂದೆನಿಸುತ್ತಿದ್ದ ದನಿ ಎರಡಾಗಿ ಒಡೆಯುತ್ತದೆ. ತಮ್ಮ ಮೊದಲ ಬ್ಯಾಂಡನ್ನು ಮುಚ್ಚಬೇಕಾಗಿ ಬಂದ ಮಿಲ್ಲರ್ ಆಮೇಲೆ ಗೆದ್ದದ್ದು ಈ ಜೋಡಣೆಯಿಂದ. ಅದನ್ನು ನೀವು ‘ಮಾಂತ್ರಿಕ’ ಎಂದು ಕೈತೊಳೆದುಕೊಂಡಿದ್ದೀರಿ.

ನಾನು ಉಪಸಂಪಾದಕನಾಗಿ ಕೆಲಸ ಕಲಿಯುತ್ತಿದ್ದಾಗ ನಮ್ಮ ಹಿರಿಯರು ಬರೀ ಹೊಗಳಿಕೆ ಕಂಡಲ್ಲೆಲ್ಲ ಕೆಂಪು ಶಾಯಿಯಲ್ಲಿ ‘ಹೇಗೆ?’ ಎಂದು ಬರೆಯುತ್ತಿದ್ದರು. ನಿಮ್ಮ ಪ್ರತಿಯ ಅಂಚಿನಲ್ಲಿ ನಾನೂ ಅದನ್ನೇ ಬರೆದಿದ್ದೇನೆ.

ಎರಡೂ 1939ರ ರೆಕಾರ್ಡಿಂಗುಗಳು: ‘ಸೆರನೇಡ್’ ಏಪ್ರಿಲ್ 4ರದು, ‘ಮೂಡ್’ ಆಗಸ್ಟ್ 1ರದು. ‘ಸೆರನೇಡ್’ ಕೇಳುವಾಗ ಒಮ್ಮೆ ಕ್ಲಾರಿನೆಟ್ಟನ್ನಷ್ಟೇ ಹಿಂಬಾಲಿಸಿ, ಇನ್ನೊಮ್ಮೆ ಕೆಳಗಿನ ಟೆನರನ್ನು. ಆಮೇಲೆ ಮೂರನೇ ಪುಟವನ್ನು ಹೊಸದಾಗಿ ಬರೆದು ಕಳಿಸಿ. ಉಳಿದ ಪುಟಗಳನ್ನು ನಾನು ಮುಟ್ಟುವುದಿಲ್ಲ.